ತಾತನ ಮಳೆ ಕುಡಿದ ಮರ

ಬಾಯಿ ತುಂಬ ಅನ್ನವಿರುವಾಗ ಮಾತಾಡಬಾರದೆಂದು ಬುನ್‌ತೋಮಣ್ಣನಿಗೆ ಚಿಕ್ಕಂದಿನಲ್ಲೇ ಯಾರಾದರೂ ಹೇಳಿಕೊಟ್ಟಿದ್ದರೆ ನಮ್ಮೂರಿನಲ್ಲಿ ಇಷ್ಟೆಲ್ಲ ರಾದ್ಧಾಂತ ಆಗುತ್ತಿರಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ. ಆದ್ದರಿಂದ ಆ ಸಂಜೆ ಅವನು ಅಂಟಕ್ಕಿ ಅನ್ನದ ಉಂಡೆಯನ್ನು ಎಡದವಡೆಗೆ ತಳ್ಳಿ, ಸುಟ್ಟ ಕೋಳಿಯ ಕಾಲನ್ನು ಬೌದ್ಧ ವಿಹಾರದ ಕಡೆಗೆ ಚಾಚಿ ಹೇಳಿದ:

"ಆಚಾನ್, ನೀವು ನಾಳೆ ತೂತು ಕೊರೀಬೇಕು ಅಂತಿದೀರಲ್ಲ ಆ ಪೈನ್ ಮರ, ಅದು ಕುಡಿದಿರೋದು ನಮ್ಮ ತಾತನ ಮಳೆ."

ಆಚಾನ್, ಅಂದರೆ ಮೇಷ್ಟ್ರು, ಎಂದು ನಾವು ಕರೆಯುತ್ತಿದ್ದದ್ದು ಮೇಡಂ ಪಿಂಪಾ ಅವರನ್ನು. ದೊಡ್ಡ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವವರು. ಲೋಯ್ ಗುಡ್ಡಗಳ ಹಳೆಯ ಪೈನ್ ಮರಗಳನ್ನು ಹುಡುಕಿಕೊಂಡು ಬಂದು, ಊಟ ವಸತಿಗೆಂದು ಬುನ್‌ತೋಮಣ್ಣನ ಮನೆಯ ಮಹಡಿಯಲ್ಲಿ ಇಳಿದುಕೊಂಡಿದ್ದರು. ನಾನು ಪಕ್ಕದ ಮನೆಯವನು. ಕೋಳಿಯ ವಾಸನೆ ಬೇಲಿ ದಾಟಿ ಬಂದಿತ್ತು, ಅದೇ ದಾರಿಯಲ್ಲಿ ನಾನು ಹೋಗಿದ್ದೆ.

"ನಿಮ್ಮ ತಾತನ ಮಳೆ ಅಂದ್ರೆ?" ಎಂದರು ಆಚಾನ್.

"ನೀವೇ ಹೇಳಿದ್ರಲ್ಲ, ಮಳೆ ಚೆನ್ನಾಗಿ ಬಂದ ವರ್ಷ ಮರದೊಳಗೆ ಅಗಲ ಬಳೆ, ಬರ ಬಂದ್ರೆ ಸಣ್ಣ ಬಳೆ, ವರ್ಷಕ್ಕೊಂದರ ಹಾಗೆ ಮುನ್ನೂರು ವರ್ಷದ ಲೆಕ್ಕ ಸಿಗುತ್ತೆ ಅಂತ. ಹಾಗಾದ್ರೆ ಅರವತ್ತನೇ ಬಳೆ ನೋಡಿ. ಅರವತ್ತು ವರ್ಷದ ಹಿಂದಿನ ಹಂದಿ ವರ್ಷ. ಭೂಮಿ ಬಾಯಿಬಿಟ್ಟಿತ್ತು. ನಮ್ಮ ತಾತ ಬೆಕ್ಕಿನ ಗಳಕ್ಕೆ ಹೆಗಲು ಕೊಟ್ರು. ಮೂರೇ ದಿನ! ಎಂಥಾ ಮಳೆ ಅಂದ್ರೆ, ಕಪ್ಪೆಗಳು ಮಹಡಿ ಹತ್ತಿದ್ವು!"

"ನಿಮ್ಮ ತಾತ ಹುಟ್ಟಿಸಿದ ಕಪ್ಪೆಗಳಾ ಅವು?" ಎಂದಳು ಅವನ ಹೆಂಡತಿ ಲಮ್ಯಾಯ್, ಕೆಂಡ ಕೆದಕುತ್ತ.

ಬೆಕ್ಕಿನ ಗಳದ ವಿಷಯ ಇಷ್ಟು. ಮಳೆ ಕೈಕೊಟ್ಟ ವರ್ಷ ಒಂದು ಹೆಣ್ಣು ಬೆಕ್ಕನ್ನು ಬುಟ್ಟಿಯಲ್ಲಿ ಕೂರಿಸಿ, ಬುಟ್ಟಿಯನ್ನು ಬಿದಿರ ಗಳಕ್ಕೆ ತೂಗಿ, ಇಬ್ಬರು ಹೊತ್ತು ಮನೆಮನೆಗೂ ಹೋಗುತ್ತಾರೆ. ಮನೆಯವರು ಬೆಕ್ಕಿಗೆ ನೀರೆರಚುತ್ತಾರೆ. ಬೆಕ್ಕು ಕಿರುಚಬೇಕು, ಆಕಾಶ ಅದನ್ನು ಕೇಳಿಸಿಕೊಳ್ಳಬೇಕು. ಗಳದ ಮುಂತುದಿ ಹೊತ್ತವನಿಗೆ ಮರ್ಯಾದೆ. ಹಿಂತುದಿ ಹೊತ್ತವನಿಗೆ ಬೆಕ್ಕಿನ ಉಗುರು.

ನಮ್ಮಲ್ಲಿ ವರ್ಷಗಳಿಗೆ ಹನ್ನೆರಡು ಪ್ರಾಣಿಗಳ ಹೆಸರು, ಒಂದಾದ ಮೇಲೊಂದು ಸುತ್ತಿ ಬರುತ್ತವೆ. ಬುನ್‌ತೋಮಣ್ಣನ ತಾತ ಹಂದಿ ವರ್ಷದಲ್ಲಿ ಮುಂತುದಿ ಹೊತ್ತದ್ದು ನಿಜ. ಮಾರನೇ ವರ್ಷ, ಅಂದರೆ ಇಲಿ ವರ್ಷದಲ್ಲಿ, ಕೆಳಗಿನ ಬೀದಿಯ ಖಾಮ್ಲಾನ ತಾತ ಹೊತ್ತದ್ದೂ ನಿಜ. ಒಂದು ವರ್ಷ ಮಳೆ ಬಂತಂತೆ, ಇನ್ನೊಂದು ವರ್ಷ ಊರಿನವರು ಕಾಡುಗೆಣಸು ತಿಂದು ಬದುಕಿದರಂತೆ. ಯಾವುದು ಯಾವ ವರ್ಷ ಎಂಬಲ್ಲಿ ಮೊಮ್ಮಕ್ಕಳು ಮೂವತ್ತು ವರ್ಷದಿಂದ ಕಿತ್ತಾಡುತ್ತಿದ್ದರು. ಹಿಂದಿನ ಸಲ ಬರ ಬಂದಾಗ ಇಬ್ಬರೂ ಮುಂತುದಿಯನ್ನೇ ಹಿಡಿದು ಎಳೆದಾಡಿ, ಬುಟ್ಟಿ ಬಿದ್ದು, ಬೆಕ್ಕು ಪಕ್ಕದೂರಿಗೆ ಓಡಿಹೋಯಿತು. ಮಳೆಯೂ ಪಕ್ಕದೂರಿನಲ್ಲೇ ಬಂತು.

ಈ ವರ್ಷ ಮತ್ತೆ ಹಂದಿ ವರ್ಷ. ಮತ್ತೆ ಬರ. ಭತ್ತದ ಸಸಿ ಮಡಿಯಲ್ಲೇ ಹಳದಿಯಾಗುತ್ತಿತ್ತು. ಮೆರವಣಿಗೆಗೆ ಎಂಟು ದಿನ ಉಳಿದಿತ್ತು. ಮುಂತುದಿ ಯಾರದ್ದೆಂದು ತೀರ್ಮಾನವಾಗದೆ ಗಳವನ್ನು ಅಟ್ಟದಿಂದ ಇಳಿಸುವಂತಿಲ್ಲ ಎಂದು ಊರ ಮುಖಂಡೆ ಅಪ್ಪಣೆ ಮಾಡಿದ್ದರು. ಮುಖಂಡೆಯ ಹೆಸರು ರಾತ್ರಿ. ನಮ್ಮ ಕಡೆ ಹೆಂಗಸರಿಗೆ ಇಡುವ ಹೆಸರೇ ಅದು. ಆದರೆ ನಡುಹಗಲಲ್ಲೂ ಅವರು ಎದುರಿಗೆ ಬಂದರೆ ಗಂಡಸರಿಗೆ ಕತ್ತಲು ಕವಿಯುತ್ತಿತ್ತು.

ಊರಿನ ಧ್ವನಿವರ್ಧಕದಲ್ಲಿ ದಿನಾ ಬೆಳಿಗ್ಗೆ ಆರಕ್ಕೆ ಸುದ್ದಿ ಓದುವ ಕೆಲಸ ನನ್ನದು. ಹಂದಿಗೆ ಚುಚ್ಚುಮದ್ದು, ನೀರಿನ ತೊಟ್ಟಿಗೆ ಸೊಳ್ಳೆಮದ್ದು, ಇಂಥವು. ಮಾರನೇ ದಿನ ಬೆಳಿಗ್ಗೆ ಕೊನೆಯಲ್ಲಿ, ಬುನ್‌ತೋಮಣ್ಣನ ದನಿಯಲ್ಲೇ, ಬಾಯಲ್ಲಿ ಅನ್ನ ಇಟ್ಟುಕೊಂಡವನ ಹಾಗೆ, "ಆ ಮರ ಕುಡಿದಿರೋದು ನಮ್ಮ ತಾತನ ಮಳೆ" ಎಂದೂ ಸೇರಿಸಿದೆ. ತಮಾಷೆಗೆ. ಧ್ವನಿವರ್ಧಕಕ್ಕೆ ತಮಾಷೆ ಗೊತ್ತಾಗುವುದಿಲ್ಲ ಎಂಬುದು ನನಗೆ ಹೊಳೆಯಲಿಲ್ಲ.

ಆರೂಕಾಲಿಗೆ ಖಾಮ್ಲಾ ಬುನ್‌ತೋಮಣ್ಣನ ಅಂಗಳಕ್ಕೆ ಬಂದ. ಕೈಟ್ರ್ಯಾಕ್ಟರ್ ರಿಪೇರಿಯವನು. ಮೊಣಕೈವರೆಗೂ ಗ್ರೀಸು, ಕೈಯಲ್ಲಿ ಸ್ಪ್ಯಾನರ್.

"ಯಾವನೋ ಅವನು, ಮರದ ಬಾಯಿಗೆ ನೀರು ಬಿಟ್ಟವನ ಮೊಮ್ಮಗ? ಬಾರೋ ಈಚೆ! ಆ ಮಳೆ ನಮ್ಮ ತಾತಂದು! ನಿಮ್ಮ ತಾತ ಬುಟ್ಟಿ ಹೊತ್ತ ವರ್ಷ ಬೆಕ್ಕೇ ಬಾಯಾರಿ ಸತ್ತಿತ್ತು!"

"ನಿಮ್ಮ ತಾತ ಹೊತ್ತ ವರ್ಷ ಸತ್ತ ಬೆಕ್ಕನ್ನೇ ಹೊತ್ತಿದ್ದು ಕಣೋ! ಅದಕ್ಕೇ ಕಿರುಚಲಿಲ್ಲ!"

ಬೆಕ್ಕಿನ ಸಾವಿನ ಬಗ್ಗೆ ಒಮ್ಮತ ಮೂಡುತ್ತಿದ್ದ ಆ ಘಳಿಗೆಯಲ್ಲಿ ರಾತ್ರಿಯಮ್ಮ ಬಂದರು. ಇಬ್ಬರನ್ನೂ ದಾಟಿ ಆಚಾನರ ಮುಂದೆ ನಿಂತರು.

"ಆಚಾನ್, ಆ ಮರ ನೋಡಿದ್ರೆ ಯಾವ ವರ್ಷ ಮಳೆ ಬಂತು ಅಂತ ಹೇಳ್ತೀರಾ?"

"ಒಂದೇ ಮರ ನಂಬೋಕಾಗಲ್ಲ ರಾತ್ರಿಯಮ್ಮ. ನಲವತ್ತು ಮರ ಬೇಕು, ಒಣಗಿಸ್ಬೇಕು, ಉಜ್ಜಬೇಕು, ಸೂಕ್ಷ್ಮದರ್ಶಕ ಬೇಕು. ಮೂರು ತಿಂಗಳು."

"ಮೂರು ತಿಂಗಳಲ್ಲಿ ನಮ್ಮ ಸಸಿಗೆ ತಿಥಿ ಆಗಿರತ್ತೆ. ಐದು ದಿನದಲ್ಲಿ ಅಂದಾಜು ಹೇಳಿ ಸಾಕು. ಯಾರ ವರ್ಷದ ಬಳೆ ಅಗಲವೋ ಅವನು ಮುಂದೆ, ಇನ್ನೊಬ್ಬ ಹಿಂದೆ. ಆಮೇಲೆ ಯಾವನಾದ್ರೂ ಉಸಿರೆತ್ತಿದ್ರೆ ಅವನನ್ನೇ ಬುಟ್ಟಿಯಲ್ಲಿ ಕೂರಿಸ್ತೀನಿ."

ಹೀಗೆ ವಿಜ್ಞಾನಕ್ಕೆ ನಮ್ಮೂರಿನಲ್ಲಿ ಐದು ದಿನದ ಗಡುವು ಸಿಕ್ಕಿತು.

ವಿಹಾರದ ಹಿಂದಿನ ಅಜ್ಜಪೈನ್ ಮರದ ಸುತ್ತ ಊರೆಲ್ಲ ನೆರೆಯಿತು. ಆಚಾನ್ ಒಂದು ಟೊಳ್ಳು ಬೈರಿಗೆಯನ್ನು ಕಾಂಡಕ್ಕಿಟ್ಟು ತಿರುಗಿಸಿದರು. ಕಿರ್ರ್, ಕಿರ್ರ್ ಎಂದು ಅದು ಒಳಗೆ ಹೋಯಿತು. ಎಂಬತ್ತೆರಡು ವರ್ಷದ ಸೀಡಜ್ಜಿ ಮರದ ಮೈ ಸವರುತ್ತ, "ಆಯ್ತು, ಆಯ್ತು, ಇನ್ನೇನ್ ಮುಗೀತು" ಎಂದು ಚುಚ್ಚುಮದ್ದು ಹಾಕಿಸುವ ಮಗುವಿಗೆ ಹೇಳುವಂತೆ ಹೇಳುತ್ತಿದ್ದರು. ಆಚೆ ಬಂದದ್ದು ಪೆನ್ಸಿಲ್ಲಿಗಿಂತ ತೆಳ್ಳಗಿನ ಒಂದು ಕಡ್ಡಿ. ಅಷ್ಟುದ್ದಕ್ಕೂ ಅಡ್ಡಡ್ಡ ಗೆರೆಗಳು. ಅಜ್ಜಿ ತಮ್ಮ ಎಲೆಯಡಿಕೆ ಸುಣ್ಣವನ್ನು ತೂತಿಗೆ ಮೆತ್ತಿದರು.

ಆಚಾನ್ ಆ ಕಡ್ಡಿಯನ್ನು ಕುಡಿಯುವ ಕಾಗದದ ಸ್ಟ್ರಾ ಒಂದರೊಳಗೆ ತೂರಿಸಿದರು. ಅವರ ಕಸುಬಿನಲ್ಲಿ ಎಲ್ಲರೂ ಹಾಗೇ ಇಡುತ್ತಾರಂತೆ. ಗಾಳಿಯಾಡಿ ನಿಧಾನ ಒಣಗುತ್ತದಂತೆ. ತಾವು ನಾಲ್ಕು ದಿನ ಗುಡ್ಡದ ಮೇಲೆ ಬಿಡಾರ ಹೂಡುವವರಿದ್ದುದರಿಂದ, ಅದನ್ನು ಬುನ್‌ತೋಮಣ್ಣನ ಅಡುಗೆಮನೆಯ ಬೆಚ್ಚಗಿನ ಅಟ್ಟಣಿಗೆಯಲ್ಲಿ ಇಡಲು ಹೇಳಿದರು.

"ಅವನ ಮನೇಲಾ?" ಎಂದ ಖಾಮ್ಲಾ. "ಬೆಕ್ಕಿನ ಕೈಗೆ ಒಣಮೀನು ಕೊಟ್ಟ ಹಾಗಾಯ್ತು!"

ಅದಕ್ಕೂ ದಾರಿಯಾಯಿತು. ವಿಹಾರದ ಗುರುಗಳು ಸ್ಟ್ರಾದ ಎರಡು ತುದಿಗೂ ಮಂತ್ರಿಸಿದ ಬಿಳಿದಾರ ಸುತ್ತಿ, ಮೂರು ಮೂರು ಗಂಟು ಹಾಕಿದರು. ಬಿಚ್ಚಿದವನ ಗತಿ ಏನೆಂದು ಹೇಳಲಿಲ್ಲ. ಸುಮ್ಮನೆ ನಕ್ಕರು. ಅದು ಇನ್ನೂ ಭಯಂಕರವಾಗಿತ್ತು.

ಮುಂದಿನ ಎರಡು ದಿನ ಬುನ್‌ತೋಮಣ್ಣ ಊರಿಗೇ ವಿಜ್ಞಾನಿಯಾದ. ಚಹದಂಗಡಿಯಲ್ಲಿ ಈರುಳ್ಳಿ ಅಡ್ಡ ಕೊಯ್ದು ತೋರಿಸಿದ. "ನೋಡಿ, ಈ ಈರುಳ್ಳಿಗೆ ಏಳು ವರ್ಷ." ಅಂಗಡಿಯಾಕೆ, "ಅಯ್ಯೋ ನಿನ್ನೆ ತಾನೇ ಹೊಸದು ಅಂತ ಕೊಟ್ಟ ಮುಂಡೇಗಂಡ" ಎಂದು ಈರುಳ್ಳಿ ಮಾರಿದವನ ಜೊತೆ ಜಗಳಕ್ಕೆ ಹೋದಳು.

ಮೂರನೇ ದಿನ ಸಂಜೆ ಬುನ್‌ತೋಮಣ್ಣ ಅಟ್ಟಣಿಗೆಗೆ ಕೈ ಹಾಕಿದ. ಸ್ಟ್ರಾ ಇರಲಿಲ್ಲ.

"ಲಮ್ಯಾಯ್, ಇಲ್ಲಿ ದಾರ ಕಟ್ಟಿದ್ದ ಒಂದು ಕಡ್ಡಿ ಇತ್ತಲ್ಲ?"

"ಎಣ್ಣೆಚಕ್ಕೆನಾ? ಬೆಳಿಗ್ಗೆ ಒಲೆ ಹಚ್ಚಿದೆ."

ಪಟ್ಟಣದವರಿಗಾದರೆ ಇದು ಅನಾಹುತ. ನಮ್ಮೂರಿನಲ್ಲಿ ಇದು ಮನೆಗೆಲಸ. ಅಂಟು ತುಂಬಿದ ಪೈನ್ ಸೀಳನ್ನು ಎಣ್ಣೆಚಕ್ಕೆ ಎನ್ನುತ್ತೇವೆ; ಅದರಿಂದಲೇ ಊರಿನ ಪ್ರತಿ ಒಲೆಯೂ ಹೊತ್ತುವುದು. ಒಲೆಯ ಮೇಲಿನ ಅಟ್ಟಣಿಗೆ ಇರುವುದೇ ಅದಕ್ಕೆ. ಅಲ್ಲಿಟ್ಟ ಪೈನ್ ಕಡ್ಡಿಗೆ ಬೇರೆ ಭವಿಷ್ಯವೇ ಇಲ್ಲ.

"ಮುನ್ನೂರು ವರ್ಷ ಕಣೇ! ಮುನ್ನೂರು ವರ್ಷ ಸುಟ್ಟುಬಿಟ್ಟೆಯಲ್ಲೇ!"

"ಮುನ್ನೂರಾ? ಮೂರು ನಿಮಿಷಾನೂ ಉರೀಲಿಲ್ಲ. ಏನ್ ಮಹಾ."

"ಸ್ಟ್ರಾ ಎಲ್ಲಿ?"

"ಚೆನ್ನಾಗಿತ್ತಲ್ಲ, ಎಸೆಯೋದ್ಯಾಕೆ ಅಂತ ಐಸ್ ಕಾಫಿ ಕುಡಿದೆ."

"ಗುರುಗಳ ದಾರ?"

ಲಮ್ಯಾಯ್ ಕೈ ಎತ್ತಿ ತೋರಿಸಿದಳು. ಮಣಿಕಟ್ಟಿನಲ್ಲಿ ಕಟ್ಟಿಕೊಂಡಿದ್ದಳು. "ಮಂತ್ರಿಸಿದ್ದು ಅಂತ ಗೊತ್ತಾಯ್ತು. ಅದನ್ನ ಸುಡೋಕಾಗತ್ತಾ? ಪಾಪ ಬರಲ್ವಾ?"

ಬುನ್‌ತೋಮಣ್ಣ ಬೇಲಿಗೆ ಬಂದು ನನ್ನನ್ನು ಕರೆದ. ಮುಖ ಹಾಲು ಒಡೆದಂತಿತ್ತು. "ನೀನು ಓದಿದವನು. ಏನಾದ್ರೂ ಹೇಳು ತಮ್ಮಾ. ಆ ಗಳದ ಮುಂದೆ ನಮ್ಮ ತಾತ ನಡೆದಿದ್ದು, ನಮ್ಮಪ್ಪ ನಡೆದಿದ್ದು. ನಾನೊಬ್ಬ ಹಿಂದೆ ಬೆಕ್ಕಿನ ಕೈಲಿ ಪರಚಿಸಿಕೊಂಡು ಹೋದ್ರೆ, ಸತ್ತ ಮೇಲೆ ಅವರಿಗೆ ಏನಂತ ಮುಖ ತೋರಿಸ್ಲಿ?"

"ಪರಚಿದ ಮುಖಾನೇ ತೋರಿಸು" ಎಂದೆ. ಸಲಹೆ ಅವನಿಗೆ ಹಿಡಿಸಲಿಲ್ಲ.

ಅವನದೇ ಒಂದು ಉಪಾಯ ಅವನಿಗೆ ಹೊಳೆಯಿತು. ಎಣ್ಣೆಚಕ್ಕೆಯ ಕಟ್ಟಿನಿಂದ ಉದ್ದನೆಯ ಒಂದು ಚಕ್ಕೆ ಆರಿಸಿ, ಚೂರಿಯಿಂದ ಹೆರೆದು ಹೆರೆದು ಗುಂಡಗೆ ಮಾಡಿದ. ಚಹದಂಗಡಿಯಿಂದ ಹೊಸ ಸ್ಟ್ರಾ ತಂದ. ಹೆಂಡತಿಯ ಕೈಯಿಂದ ದಾರ ಬಿಚ್ಚಿ ಕಟ್ಟಿದ. "ಪೈನ್ ಅಂದ್ರೆ ಪೈನ್. ಬಳೆ ಯಾವುದಕ್ಕಿಲ್ಲ? ಎಲ್ಲಾ ಮರಾನೂ ಕುಡಿದಿರೋದು ಅದೇ ಆಕಾಶದ ನೀರು ತಾನೇ?" ಎಂದ. ಮಾತು ಎಷ್ಟು ಗಂಭೀರವಾಗಿತ್ತೆಂದರೆ, ಕಾಲೇಜು ಓದಿದ ನಾನೂ ತಲೆಯಾಡಿಸಿದೆ.

ಐದನೆಯ ದಿನ ವಿಹಾರದ ಚಾವಡಿಯಲ್ಲಿ ಜಾಗವಿರಲಿಲ್ಲ. ಮುಂದಿನ ಸಾಲಿನಲ್ಲಿ ಬುನ್‌ತೋಮಣ್ಣ ಮತ್ತು ಖಾಮ್ಲಾ, ನಡುವೆ ರಾತ್ರಿಯಮ್ಮ. ಬುನ್‌ತೋಮಣ್ಣ ಬೆವರುತ್ತಿದ್ದ. ವಿಚಿತ್ರವೆಂದರೆ ಖಾಮ್ಲಾ ಬೆವರುತ್ತಿರಲಿಲ್ಲ. ಮದುವೆ ಗಂಡಿನ ಹಾಗೆ ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು ಬಂದಿದ್ದ.

ಆಚಾನ್ ದಾರ ಬಿಚ್ಚಿ, ಕಡ್ಡಿ ಎಳೆದು, ಭೂತಗನ್ನಡಿ ಹಿಡಿದರು. ತಿರುಗಿಸಿದರು. ಮತ್ತೆ ತಿರುಗಿಸಿದರು. ಕನ್ನಡಿಯನ್ನು ಅಂಗಿಯ ಅಂಚಿಗೆ ಒರೆಸಿ ಮತ್ತೆ ನೋಡಿದರು.

"ಏನಾಯ್ತು ಆಚಾನ್?" ಎಂದರು ರಾತ್ರಿಯಮ್ಮ.

"ಇದರಲ್ಲಿ... ಒಂದೇ ವರ್ಷ ಇದೆ."

"ಅಂದ್ರೆ?"

"ಗೆರೆ ಅಡ್ಡಡ್ಡ ಇರ್ಬೇಕಿತ್ತು. ಇದರಲ್ಲಿ ಈ ತುದಿಯಿಂದ ಆ ತುದಿವರೆಗೆ ಉದ್ದಕ್ಕೆ ಒಂದೇ ಗೆರೆ. ಒಂದು ಗೇಣುದ್ದದ ಒಂದೇ ವರ್ಷ. ನನ್ನ ಹದಿನೈದು ವರ್ಷದ ಕೆಲಸದಲ್ಲಿ ಇಂಥ ಮರ ನೋಡಿಲ್ಲ."

ಒಲೆಗೆಂದು ಸೀಳುವ ಚಕ್ಕೆಯನ್ನು ಮರದ ಉದ್ದಕ್ಕೆ ಸೀಳುತ್ತಾರೆ, ಬೈರಿಗೆ ಮರದ ಅಡ್ಡಕ್ಕೆ ಹೋಗುತ್ತದೆ ಎಂಬುದು ಅಷ್ಟು ಜನರಲ್ಲಿ ಆಗ ನನಗೊಬ್ಬನಿಗೇ ಹೊಳೆಯಿತು. ಹೊಳೆದು ಏನು ಪ್ರಯೋಜನ? ಅಷ್ಟರಲ್ಲಿ ಸೀಡಜ್ಜಿ ನಿಟ್ಟುಸಿರು ಬಿಟ್ಟರು.

"ಸರಿಯಾಗೇ ಬರೆದಿದೆ ಮರ. ಬರದ ವರ್ಷ ಹಾಗೇ ಇತ್ತು ಕಣ್ರೇ. ಮುಗೀತಾನೇ ಇರ್ಲಿಲ್ಲ."

ನಾಲ್ಕಾರು ಮುದುಕಿಯರು ಕಣ್ಣೊರೆಸಿಕೊಂಡರು. ಬುನ್‌ತೋಮಣ್ಣನ ಮುಖದಲ್ಲಿ ಪವಾಡ ಕಂಡವನ ಕಳೆ ಮೂಡಿತು. ಇನ್ನೇನು ಅವನು ಬದುಕಿಕೊಂಡ ಎನ್ನುವಾಗ ಖಾಮ್ಲಾ ಎದ್ದು ನಿಂತು ಕೂಗಿದ:

"ಮೋಸ! ಇದು ನಾನಿಟ್ಟ ಕಡ್ಡಿ ಅಲ್ಲವೇ ಅಲ್ಲ!"

ರಾತ್ರಿಯಮ್ಮ ನಿಧಾನವಾಗಿ ತಲೆ ತಿರುಗಿಸಿದರು. "ನೀನು... ಇಟ್ಟ... ಕಡ್ಡಿ?"

"ಹೂಂ ಮತ್ತೆ! ನಾನಿಟ್ಟಿದ್ದಕ್ಕೆ ಗೆರೆ ಇತ್ತು! ನಾನೇ ಕೂತು ಪೆನ್ನಲ್ಲಿ..." ಎಂದವನು ಅಲ್ಲಿಗೆ ನಿಂತ. ಮುಚ್ಚಬೇಕಿದ್ದ ಬಾಯಿ ತೆರೆದೇ ಇತ್ತು. ನೊಣವೊಂದು ಒಳಗೆ ಹೋಗಲೋ ಬೇಡವೋ ಎಂದು ನೋಡುತ್ತಿತ್ತು.

ಎಲ್ಲವೂ ಹೊರಬಿತ್ತು. ಮೊದಲ ದಿನ ಸಂಜೆಯೇ ಬುನ್‌ತೋಮಣ್ಣನ ಪಂಪು ರಿಪೇರಿಯ ನೆವದಲ್ಲಿ ಖಾಮ್ಲಾ ಅಡುಗೆಮನೆ ಹೊಕ್ಕಿದ್ದ. ಕಡ್ಡಿ ಬಿಚ್ಚಿ ಅರವತ್ತನೇ ಬಳೆ ಎಣಿಸಿದ್ದ. ಅದು ಅಗಲವಾಗಿತ್ತು! ಗಾಬರಿಯಾಗಿ, ಅಲ್ಲೇ ಅಟ್ಟಣಿಗೆಯಲ್ಲಿದ್ದ ಒಂದು ಎಣ್ಣೆಚಕ್ಕೆಯನ್ನು ಅಂಗಡಿಗೊಯ್ದು, ಯಂತ್ರಕ್ಕೆ ಕೊಟ್ಟು ಗುಂಡಗೆ ಮಾಡಿ, ಗೆರೆ ಎಳೆದು, ತಂದಿಟ್ಟಿದ್ದ. ಹಂದಿ ವರ್ಷಕ್ಕೆ ಸಣ್ಣ ಬಳೆ, ಇಲಿ ವರ್ಷಕ್ಕೆ ಬೆರಳಗಲದ ಬಳೆ.

"ಯಾವ ತುದಿಯಿಂದ ಎಣಿಸಿದ್ರಿ?" ಎಂದರು ಆಚಾನ್.

"ದಪ್ಪ ಬಳೆ ಇದ್ದ ಕಡೆಯಿಂದ... ಒಳಗಿನಿಂದ ಆಚೆಗೆ."

"ಒಳಗಿನಿಂದ ಎಣಿಸಿದ್ರೆ ನಿಮ್ಮ ತಾತನ ತಾತನೂ ಹುಟ್ಟಿರಲ್ಲ. ತೊಗಟೆ ಕಡೆಯಿಂದ ಎಣಿಸ್ಬೇಕು."

ಹಿಂದಿನಿಂದ ಲಮ್ಯಾಯ್ ಎದ್ದಳು. ಸೊಂಟದ ಮೇಲೆ ಕೈ. "ಹಾಗಾದ್ರೆ ನಾನು ಒಲೆಗೆ ಹಾಕಿದ್ದು ನಮ್ಮನೆ ಎಣ್ಣೆಚಕ್ಕೇನೇ! ಕೇಳ್ರಿ ಬುನ್‌ತೋಮ್! ಎರಡು ದಿನದಿಂದ ಮುನ್ನೂರು ವರ್ಷ ಸುಟ್ಟವಳೇ, ಮುನ್ನೂರು ವರ್ಷ ಸುಟ್ಟವಳೇ ಅಂತ ಅನ್ನಕ್ಕೆ ಕೂತಾಗೆಲ್ಲ ಅಂದ್ರಲ್ಲ, ಈಗ ಅನ್ನಿ!"

ಹೀಗೆ ಅವಳ ಬಾಯಿಂದ ಬುನ್‌ತೋಮಣ್ಣನ ಕಥೆಯೂ ಹೊರಬಿತ್ತು. ಗುರುಗಳು ಮತ್ತೆ ಸುಮ್ಮನೆ ನಕ್ಕರು. ಇಬ್ಬರೂ ಅವರ ಕಾಲಿಗೆ ಬಿದ್ದರು. ಒಂದೇ ಸಲ ಬಿದ್ದುದರಿಂದ ತಲೆ ತಲೆ ಡಿಕ್ಕಿ ಹೊಡೆದವು.

ಖಾಮ್ಲಾ ಅಸಲಿ ಕಡ್ಡಿಯನ್ನು ಜೇಬಿನಿಂದ ತೆಗೆದುಕೊಟ್ಟ. ಜೋಪಾನ ಮಾಡಲೆಂದು ಅದಕ್ಕೆ ಗ್ರೀಸು ಬಳಿದಿದ್ದ. ಇದ್ದಿಲಿನಷ್ಟು ಕಪ್ಪಗಾಗಿತ್ತು. ಅದರಲ್ಲಿ ವರ್ಷ ಹಾಗಿರಲಿ, ಮರವೂ ಕಾಣುತ್ತಿರಲಿಲ್ಲ.

"ಇದ್ದ ಒಂದು ಸಾಕ್ಷಿನೂ ಹೋಯ್ತು" ಎಂದರು ರಾತ್ರಿಯಮ್ಮ.

ಆಚಾನ್ ತಮ್ಮ ಚೀಲಕ್ಕೆ ಕೈ ಹಾಕಿದರು. "ಒಂದು ಮರಕ್ಕೆ ಎರಡು ಕಡ್ಡಿ ತೆಗೀತೀವಿ, ಯಾವಾಗ್ಲೂ. ಎರಡನೇದನ್ನ ಆ ದಿನ ಮಧ್ಯಾಹ್ನ ನೀವೆಲ್ಲ ಊಟಕ್ಕೆ ಹೋದ ಮೇಲೆ ತೆಗೆದೆ. ಗುಡ್ಡದ ಮೇಲೇ ಅಂಟಿಸಿ, ಉಜ್ಜಿ ಇಟ್ಟಿದೀನಿ."

ಐದು ದಿನದ ಕಳ್ಳತನ, ಹೆರೆತ, ಬೆವರು, ಗ್ರೀಸು ಎಲ್ಲವೂ ಆ ಎರಡನೆಯ ಕಡ್ಡಿಯ ಮುಂದೆ ಮಂಕಾದವು. ಬುನ್‌ತೋಮಣ್ಣ ಮತ್ತು ಖಾಮ್ಲಾ ಮೂವತ್ತು ವರ್ಷದಲ್ಲಿ ಮೊದಲ ಸಲ ಒಬ್ಬರನ್ನೊಬ್ಬರು ಸಹಾನುಭೂತಿಯಿಂದ ನೋಡಿಕೊಂಡರು.

ಆಚಾನ್ ತೊಗಟೆಯ ಕಡೆಯಿಂದ ಸೂಜಿಮೊನೆಯಲ್ಲಿ ಎಣಿಸುತ್ತ ಹೋದರು. ಊರೂ ಜೊತೆಗೆ ಎಣಿಸಿತು. ಐವತ್ತಾರು, ಐವತ್ತೇಳು, ಐವತ್ತೆಂಟು. ಅಲ್ಲಿ ಅವರ ಹುಬ್ಬು ಮೇಲೇರಿತು. ಐವತ್ತೊಂಬತ್ತು. ಅರವತ್ತು.

"ಅಂದಾಜು ಮಾತ್ರ, ನೆನಪಿರಲಿ. ಹಂದಿ ವರ್ಷ ಸಣ್ಣ."

ಖಾಮ್ಲಾ ಕೈ ಎತ್ತಿ ಜಿಗಿದ.

"ಇಲಿ ವರ್ಷ ಅದಕ್ಕಿಂತ ಸಣ್ಣ."

ಖಾಮ್ಲಾ ಇಳಿದ.

"ಎರಡೂ ಬರ. ಐವತ್ತೆಂಟನೇದು, ಅದರ ಮುಂದಿನ ಎತ್ತಿನ ವರ್ಷ, ಅದು ನೋಡಿ, ಇಷ್ಟಗಲ. ಮಳೆ ಬಂದಿದ್ರೆ ಆ ವರ್ಷ ಬಂದಿದೆ."

"ಎತ್ತಿನ ವರ್ಷ ಗಳ ಹೊತ್ತೋರು ಯಾರು?" ಎಂದು ಯಾರೋ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ.

"ನಾನು" ಎಂದರು ಸೀಡಜ್ಜಿ, ಎಲೆಗೆ ಸುಣ್ಣ ಹಚ್ಚುತ್ತ. "ನಾನು ಮುಂದೆ, ನನ್ನ ತಂಗಿ ಹಿಂದೆ."

"ಅಜ್ಜೀ! ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಯಾರು ಕೇಳಿದ್ರಿ? 'ಹಂದಿ ವರ್ಷಾನಾ, ಇಲಿ ವರ್ಷಾನಾ' ಅಂತ ಇವರಿಬ್ಬರು ಕೇಳ್ತಿದ್ರು. ಒಂದು ದಿನ ಹಂದಿ ಅಂತಿದ್ದೆ, ಒಂದು ದಿನ ಇಲಿ ಅಂತಿದ್ದೆ. ಯಾವನು ಎಲೆಯಡಿಕೆ ತಂದ್ಕೊಟ್ನೋ ಅವನ ಪ್ರಾಣಿ." ಅಜ್ಜಿ ಎಲೆ ಮಡಿಚಿ ಬಾಯಿಗಿಟ್ಟರು. "ಆ ವರ್ಷ ನಿಮ್ಮ ತಾತಂದಿರು ಇದೇ ಚಾವಡಿಯಲ್ಲಿ ಕಿತ್ತಾಡ್ತಾ ಕೂತಿದ್ರು, ಮುಂದೆ ಯಾರು, ಹಿಂದೆ ಯಾರು ಅಂತ. ಬೆಕ್ಕು ಮೆಟ್ಟಿಲ ಮೇಲೆ ಬುಟ್ಟೀಲಿ ಕಿರುಚ್ತಾನೇ ಇತ್ತು. ಪಾಪ ಅನ್ನಿಸ್ತು, ಹೊತ್ಕೊಂಡು ಹೋದ್ವಿ."

ಬೆಕ್ಕಿಗೂ ಮಳೆಗೂ ಏನು ಸಂಬಂಧ ಎಂದು ಆಚಾನರನ್ನು ಕೇಳಿದಾಗ, "ಬೆಕ್ಕು ನನ್ನ ವಿಷಯ ಅಲ್ಲ, ಮರ ಮಾತ್ರ" ಎಂದು ಜಾಣತನದಿಂದ ಜಾರಿಕೊಂಡರು. ರಾತ್ರಿಯಮ್ಮ ತೀರ್ಪು ಕೊಟ್ಟರು. ಗಳ ಹೊರುವುದು ಹೆಂಗಸರು: ಮುಂದೆ ಲಮ್ಯಾಯ್, ಹಿಂದೆ ಖಾಮ್ಲಾನ ಹೆಂಡತಿ. ಸೀಡಜ್ಜಿ ಹಾಡು ಹೇಳುತ್ತ ಮುಂದಾಳಾಗಿ ನಡೆಯುವುದು. ಆ ಇಬ್ಬರು ಮಹನೀಯರು ಕೊನೆಯಲ್ಲಿ ನೀರಿನ ಬಕೆಟ್ ಹೊರುವುದು.

ಮೆರವಣಿಗೆಯ ದಿನ ಬುಟ್ಟಿಯಲ್ಲಿ ಕೂತದ್ದು ಗೊಂಬೆ ಬೆಕ್ಕು. ಈಗ ಜಿಲ್ಲೆಯಲ್ಲೆಲ್ಲ ಹಾಗೇ. ನಿಜವಾದ ಬೆಕ್ಕಿಗೆ ನೀರೆರಚಿದರೆ ಫೋಟೊ ಊರೂರು ಸುತ್ತಿ ಬೈಗುಳ ಬರುತ್ತದೆ. ರಾತ್ರಿಯಮ್ಮ ಸಂತೆಯಲ್ಲಿ ಆರಿಸಿ ತಂದದ್ದು ಸಾಧಾರಣ ಗೊಂಬೆಯಲ್ಲ. ಹತ್ತಿ ತುಂಬಿದ, ಹೊಟ್ಟೆ ಉಬ್ಬಿದ, ಕರುವಿನಷ್ಟು ದೊಡ್ಡ ಬೆಕ್ಕು. ಅದಕ್ಕಾಗಿ ಕಿರುಚುವ ಕೆಲಸ ಧ್ವನಿವರ್ಧಕದಲ್ಲಿ ನನ್ನ ಪಾಲಿಗೆ ಬಂತು. ಎಷ್ಟು ಚೆನ್ನಾಗಿ ಮಾಡಿದೆನೆಂದರೆ ಊರಿನ ನಾಯಿಗಳೆಲ್ಲ ಕಂಬದ ಬುಡಕ್ಕೆ ಬಂದವು.

ಹತ್ತು ಮನೆಗಳವರೆಗೆ ಎಲ್ಲ ಸರಿಯಿತ್ತು. ಒಂದೊಂದು ಮನೆಯ ನೀರನ್ನೂ ಗೊಂಬೆ ಕುಡಿಯುತ್ತ ಹೋಯಿತು. ಇಪ್ಪತ್ತನೇ ಮನೆಗೆ ಗಳ ಬಿಲ್ಲಿನಂತೆ ಬಾಗಿತು. ಇಪ್ಪತ್ತೈದನೇ ಮನೆಯ ಮುಂದೆ ಲಮ್ಯಾಯ್ ಗಳ ಇಳಿಸಿ ಕೂತುಬಿಟ್ಟಳು.

"ಅಮ್ಮಾ, ಇದು ಬೆಕ್ಕಲ್ಲ, ಗಬ್ಬದ ಎಮ್ಮೆ! ಏನ್ರೀ, ಬಕೆಟ್ ಇಟ್ಟು ಬನ್ನಿ ಇಲ್ಲಿ!"

ಬುನ್‌ತೋಮಣ್ಣ ಹಾರಿ ಮುಂತುದಿ ಹಿಡಿದ. ಖಾಮ್ಲಾನೂ ಹಾರಿ ಮುಂತುದಿಯನ್ನೇ ಹಿಡಿದ. ರಾತ್ರಿಯಮ್ಮ ಕಣ್ಣು ಬಿಟ್ಟರು. ಇನ್ನೂ ಹದಿನೈದು ಮನೆ ಬಾಕಿಯಿದ್ದವು, ಸಸಿ ಮಡಿಗಳು ಎದುರಿಗೇ ಒಣಗಿ ನಿಂತಿದ್ದವು. ಖಾಮ್ಲಾ ಒಮ್ಮೆ ಮಡಿ ನೋಡಿದ, ಒಮ್ಮೆ ಗೊಂಬೆ ನೋಡಿದ, ಗಳ ಬಿಟ್ಟು ಹಿಂದೆ ಹೋದ.

"ಹೋಗಲಿ, ಈ ಗೊಂಬೆಗೆ ಉಗುರಿಲ್ಲ" ಎಂದ.

ಮೇಲಿನ ಬೀದಿಯ ಕೊನೆ ಮನೆಯವರೆಗೂ ಬುನ್‌ತೋಮಣ್ಣ ಮುಂದಿದ್ದ. ಎದೆ ಉಬ್ಬಿಸಿ, ತಾತನೂ ಅಪ್ಪನೂ ನೋಡುತ್ತಿದ್ದಾರೆ ಎಂಬಂತೆ ನಡೆದ. ಅಲ್ಲಿ ದಾರಿ ಮುಗಿಯುತ್ತದೆ. ಓಣಿ ಎಷ್ಟು ಕಿರಿದೆಂದರೆ ಗಳವನ್ನು ಸುತ್ತ ತಿರುಗಿಸಲಾಗದು. ಇಬ್ಬರೂ ನಿಂತಲ್ಲೇ ಗಿರಕಿ ಹೊಡೆದು ಹೆಗಲು ಬದಲಿಸಿದರು. ಈಗ ಖಾಮ್ಲಾ ಮುಂದೆ.

ಬುನ್‌ತೋಮಣ್ಣ ಏನೋ ಹೇಳಲು ಬಾಯಿ ತೆರೆದ. ಬೆಳಿಗ್ಗೆಯಿಂದ ಏನೂ ತಿಂದಿರದ ಕಾರಣ ಆ ಬಾಯಲ್ಲಿ ಅನ್ನವಿರಲಿಲ್ಲ. ಬಹುಶಃ ಅದಕ್ಕೇ, ಯೋಚಿಸಿ ಮುಚ್ಚಿಕೊಂಡ. ಆಮೇಲೆ ಹಿಂದಿನಿಂದ, "ನಿಧಾನ ಕಣೋ ಖಾಮ್ಲಾ, ಕಲ್ಲಿದೆ, ನೋಡ್ಕೊಂಡು" ಎಂದ.

ಮಳೆ ಮೆರವಣಿಗೆಯಾದ ಒಂಬತ್ತನೇ ದಿನ ಬಂತು. ಅದು ಮೇಲಿನ ಬೀದಿಗೆ ಹೋಗುವಾಗಿನ ಮಳೆಯೋ, ಕೆಳಗಿನ ಬೀದಿಗೆ ಬರುವಾಗಿನ ಮಳೆಯೋ ಎಂದು ಚಹದಂಗಡಿಯಲ್ಲಿ ಆಗಲೇ ಮಾತು ಶುರುವಾಗಿದೆ. ಬುನ್‌ತೋಮಣ್ಣ ಮೊನ್ನೆ ವಿಹಾರದ ಹಿಂದೆ ಅಜ್ಜಪೈನಿನ ತೊಗಟೆಗೆ ಕಿವಿಯಿಟ್ಟು ನಿಂತಿದ್ದ. ಏನಣ್ಣ ಎಂದು ಕೇಳಿದೆ.

"ಕುಡೀತಿದೆ" ಎಂದ.